ಇನ್ನೂರು ರೂಪಾಯಿಯ ಮೋಟಾರ್, ಐಡಿ ಕಾರ್ಡಿನ ಬಾಡಿ: ನನ್ನ ನ್ಯಾರೋ ಗೇಜ್ ರೈಲ್‌ಕಾರ್

ಎನ್20 ಎಂಬ ಪುಟ್ಟ ಗೇರ್ ಮೋಟಾರ್ ಇರುವುದು ರೋಬೋಟ್ ಮಾಡುವ ಶಾಲೆಯ ಮಕ್ಕಳಿಗೆ, ರೈಲಿಗಲ್ಲ ಎಂದು ನಮ್ಮ ಮಾದರಿ ರೈಲು ಕಟ್ಟುವವರ ಗುಂಪಿನ ಹಿರಿಯರು ತೀರ್ಪು ಕೊಟ್ಟಿದ್ದರು. ಸದ್ದು ಜಾಸ್ತಿ, ಹಳಿಯಿಂದ ಬರುವ ಕರೆಂಟ್ ತಪ್ಪಿದ ಕ್ಷಣ ಗಕ್ಕನೆ ನಿಲ್ಲುತ್ತದೆ, ಕೈಯಲ್ಲಿ ತಳ್ಳಿದರೆ ಗೇರಿನ ಹಲ್ಲು ಹೋಗುತ್ತದೆ. ಮೂರೂ ನಿಜ. ಆದರೂ ಎಸ್.ಪಿ. ರಸ್ತೆಯಲ್ಲಿ ಇನ್ನೂರು ರೂಪಾಯಿ ಚಿಲ್ಲರೆಗೆ ಕೊಂಡ ಆ ಮೋಟಾರೇ ನನ್ನ ನಂದಿ ಹಾಲ್ಟ್ ಲೇಔಟಿನಲ್ಲಿ (ಹಳಿ ಹಾಸಿದ ಪುಟ್ಟ ಮಾದರಿ ನಿಲ್ದಾಣ) ರೈಲ್‌ಕಾರ್ (ತನ್ನದೇ ಎಂಜಿನ್ ಇರುವ ಒಂಟಿ ಪ್ರಯಾಣಿಕ ಗಾಡಿ) ಎಳೆಯುತ್ತಿದೆ. ಕಳೆದ ಮಳೆಗಾಲದಿಂದ ಅದನ್ನು ಬಿಚ್ಚುವ ಪ್ರಸಂಗ ಬಂದಿಲ್ಲ.

ಯಲಹಂಕ–ಚಿಕ್ಕಬಳ್ಳಾಪುರ–ಕೋಲಾರ ಮಾರ್ಗ ಹಿಂದೆ 762 ಮಿ.ಮೀ. ನ್ಯಾರೋ ಗೇಜಿನದು, ಅಂದರೆ ಎರಡು ಹಳಿಗಳ ನಡುವೆ ಅಷ್ಟೇ ಅಂತರ. 1:48ರ ಸ್ಕೇಲಿನಲ್ಲಿ (ಅಸಲಿನ ನಲವತ್ತೆಂಟನೇ ಒಂದು ಭಾಗ) 16.5 ಮಿ.ಮೀ. ಗೇಜಿನ ಹಳಿ ಬಳಸಿದರೆ ಲೆಕ್ಕಕ್ಕೆ 792 ಆಗುತ್ತದೆ, ಆ ಮೂವತ್ತು ಮಿಲಿಮೀಟರ್ ಯಾರ ಕಣ್ಣಿಗೂ ಬಿದ್ದಿಲ್ಲ. ಆ ಮಾರ್ಗದಲ್ಲಿ ರೈಲ್‌ಕಾರ್ ಎಲ್ಲಿತ್ತು ಎಂದು ತಕರಾರು ತೆಗೆದವರಿದ್ದಾರೆ. ಬ್ರಾಡ್ ಗೇಜ್ ಆದಮೇಲೆ ಬಂಗಾರಪೇಟೆ–ಕೋಲಾರ ನಡುವೆ ರೈಲ್ ಬಸ್ ಓಡಿತಲ್ಲ, ನಾನು ಅದನ್ನು ಕೆಲವು ದಶಕ ಮೊದಲೇ ಓಡಿಸಿದ್ದೇನೆ, ಅಷ್ಟೆ. ಮುಂದಿನ ಬಾನೆಟ್ ಮಾತ್ರ ಕಾಲ್ಕಾ–ಶಿಮ್ಲಾ ಬೆಟ್ಟದ ಮಾರ್ಗದ ರೈಲ್‌ಕಾರಿನಿಂದ ಎತ್ತಿದ್ದು.

ಮೊದಲು ಆಸೆಪಟ್ಟದ್ದು ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿರುವ ಆಸ್ಟಿನ್ ಮೇಲೆ. 1925ರ ರಸ್ತೆಯ ಕಾರನ್ನೇ ಹಳಿಗೆ ಹೊಂದಿಸಿದ ಗಾಡಿ ಅದು. ನನ್ನ ಸ್ಕೇಲಿನಲ್ಲಿ ಅದರ ಅಗಲ ಮೂವತ್ತು ಮಿ.ಮೀ. ಇದ್ದರೆ ಹೆಚ್ಚು, ಶಾಫ್ಟ್ ಸೇರಿ ಎನ್20 ಉದ್ದವೇ ಮೂವತ್ತೈದು. ಮೋಟಾರನ್ನು ಅಡ್ಡ ಮಲಗಿಸಲು ಜಾಗವಿಲ್ಲ. ಅರ್ಧ ಆದ ಬಾಡಿ ಶೋಕೇಸ್ ಸೇರಿತು.

ರೈಲ್‌ಕಾರಿನ ಅಗಲ 44 ಮಿ.ಮೀ., ಆದ್ದರಿಂದ ಮೋಟಾರ್ ಹಿಂದಿನ ಆಕ್ಸಲ್ ಮೇಲೆ ಆರಾಮವಾಗಿ ಅಡ್ಡ ಕೂರುತ್ತದೆ. ಮೋಟಾರಿನ ಶಾಫ್ಟಿಗೂ ಆಕ್ಸಲಿಗೂ 0.5 ಮಾಡ್ಯೂಲಿನ (ಹಲ್ಲಿನ ಅಳತೆ) 18 ಹಲ್ಲಿನ ಪ್ಲಾಸ್ಟಿಕ್ ಗೇರ್. ಹೊರವ್ಯಾಸ ಹತ್ತು ಮಿ.ಮೀ., ಹಾಕಿದ ಓಓ (ಅದೇ 16.5 ಮಿ.ಮೀ. ಹಳಿಯ ಇನ್ನೊಂದು ಮಾದರಿ ಸ್ಕೇಲ್) ವ್ಯಾಗನ್ ಚಕ್ರ 12.6, ಹಾಗಾಗಿ ಗೇರ್ ಸ್ಲೀಪರಿಗೆ ತಾಗುವುದಿಲ್ಲ. ಮೇಲೆ ಇಣುಕುವ ಮೋಟಾರಿನ ಬೆನ್ನು ಹಿಂಬದಿ ಸೀಟಿನಡಿ ಮರೆಯಾಯಿತು. ಆಕ್ಸಲ್ ಮೇಲಿನ ಗೇರ್ ಸೊಟ್ಟವಾಗದಂತೆ ಒತ್ತುವ ಉಪಾಯ ನನ್ನದೇ. ಅದನ್ನು ಇಲ್ಲಿ ಹೇಳುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಮೊದಲು ಹಾಕಿದ್ದ 600 ಆರ್‌ಪಿಎಂ ಮೋಟಾರ್ ಗಾಡಿಯನ್ನು ರಾಜಧಾನಿ ಎಕ್ಸ್‌ಪ್ರೆಸ್ ಮಾಡಿಬಿಟ್ಟಿತ್ತು. ವೋಲ್ಟೇಜ್ ಇಳಿಸಿದರೆ ಹೊರಡುವುದೇ ಇಲ್ಲ. 12 ವೋಲ್ಟಿನ 200 ಆರ್‌ಪಿಎಂ ಹಾಕಿದಾಗ ಸ್ಕೇಲ್ ವೇಗ ಗಂಟೆಗೆ 23 ಕಿ.ಮೀ. ಹತ್ತಿರ ಬಂತು. ಕಾಲ್ಕಾ–ಶಿಮ್ಲಾದ 96 ಕಿ.ಮೀ. ದಾರಿಗೆ ಐದು ಗಂಟೆ ಹಿಡಿಯುತ್ತದೆ ಎಂದರೆ ಇದೇ ತಕ್ಕ ವೇಗ. ಸದ್ದು ಇದೆ, ಒಪ್ಪುತ್ತೇನೆ. ಡೀಸೆಲ್ ಗಾಡಿಗೆ ಸದ್ದಿರಬೇಡವೇ?

ಬಾಡಿಗೆ ತುಂಬ ದುಡ್ಡು ಸುರಿದೆ. 3ಡಿ ಪ್ರಿಂಟ್ ಮಾಡಿಸಿದ್ದಕ್ಕೆ ಎರಡು ಸಾವಿರದ ಹತ್ತಿರ ಹೋಯಿತು. ಪದರದ ಗೆರೆ ಉಜ್ಜಿ ತೆಗೆಯುವಷ್ಟರಲ್ಲಿ ರಿವೆಟ್‌ಗಳೂ ಹೋದವು. ಆಮದು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯ ಬೆಲೆಗಿಂತ ಅಂಚೆ ಖರ್ಚೇ ಹೆಚ್ಚು. ಕೊನೆಗೆ ಕೈಹಿಡಿದದ್ದು ಐಡಿ ಕಾರ್ಡ್ ಅಚ್ಚುಹಾಕುವವರ ಎ4 ಅಳತೆಯ ಬಿಳಿ ಪಿವಿಸಿ ಹಾಳೆ, ಕಟ್ಟೊಂದಕ್ಕೆ ಐನೂರರ ಒಳಗೆ. ಲೇಸರ್ ಅಂಗಡಿಯವರು ಪಿವಿಸಿ ಮುಟ್ಟುವುದಿಲ್ಲ, ಸುಟ್ಟರೆ ವಿಷಗಾಳಿ ಬಂದು ಯಂತ್ರವೂ ತುಕ್ಕು ಹಿಡಿಯುತ್ತದೆ. ಹಾಗೆಂದು ಕಿಟಕಿಗಳನ್ನು ಕೈಯಲ್ಲೂ ಕೊರೆಯಲಿಲ್ಲ. ಒಳಪದರದ ಮೇಲೆ ಕೆಳಗಿನ ಪಟ್ಟಿ, ನಾಲ್ಕು ಮಿ.ಮೀ. ಅಗಲದ ಕಂಬಗಳು, ಮೇಲಿನ ಪಟ್ಟಿ ಎಂದು ಸಾಲಾಗಿ ಅಂಟಿಸುತ್ತ ಹೋದರೆ ಕಿಟಕಿ ತಾನಾಗಿ ಮೂಡುತ್ತದೆ. ಮೂಲೆಗಳು ಲೇಸರಿಗಿಂತ ಚೊಕ್ಕ. ಅಂಟು ಪೈಪ್ ಜೋಡಿಸುವ ಸಾಲ್ವೆಂಟ್, ಊದುಬತ್ತಿ ಕಡ್ಡಿಯ ತುದಿಯಲ್ಲಿ ಹನಿಯಷ್ಟೇ. ಗಾಜಿನ ಹತ್ತಿರ ಫೆವಿಕ್ವಿಕ್ ತರಬೇಡಿ, ಅದರ ಆವಿಗೆ ಪಾರದರ್ಶಕ ಹಾಳೆ ಬೆಳ್ಳಗೆ ಮಂಜಾಗುತ್ತದೆ. ಬಣ್ಣ ಏಳದಂತೆ ಪ್ರೈಮರಿಗೆ ಮೊದಲು ಒಂದು ಕೈ ಏನೋ ಬಳಿಯುತ್ತೇನೆ, ಅದೂ ಗುಟ್ಟು.

ಹಿರಿಯರು ಹೇಳಿದ ಗಕ್ಕನೆ ನಿಲ್ಲುವ ಕಾಟ ಪಾಯಿಂಟ್‌ಗಳ (ಹಳಿ ಕವಲೊಡೆಯುವ ಜಾಗ) ಮೇಲೆ ಜೋರಾಗಿತ್ತು. ಕರೆಂಟ್ ಎತ್ತಲು ನಾಲ್ಕೂ ಚಕ್ರಕ್ಕೆ ಫಾಸ್ಫರ್ ಬ್ರಾಂಜ್ ತಂತಿ ಕೊಟ್ಟರೂ, ಹಳಿಗಳು ಅಡ್ಡ ಹಾಯುವಲ್ಲಿನ ಕರೆಂಟಿಲ್ಲದ ಪ್ಲಾಸ್ಟಿಕ್ ಫ್ರಾಗ್ ಮೇಲೆ ಎಡವುತ್ತಿತ್ತು. ನಡುವೆ ಲಿಥಿಯಂ ಬ್ಯಾಟರಿ, ವೋಲ್ಟೇಜ್ ಏರಿಸುವ ಬೂಸ್ಟ್ ಕನ್ವರ್ಟರ್, ರಿಮೋಟ್ ಎಂದು ಬೇರೆ ದಾರಿಯನ್ನೂ ಹಿಡಿದೆ. ಓಡಿತು, ಆದರೆ ಸೀಟುಗಳ ಜಾಗವೆಲ್ಲ ಬ್ಯಾಟರಿಯದಾಯಿತು. ಕೆಲಸ ಕೊಟ್ಟದ್ದು ಹಿಂದೆ ಕಟ್ಟಿದ ಪುಟ್ಟ ಲಗೇಜ್ ಟ್ರೇಲರ್. ಅದರ ನಾಲ್ಕು ಚಕ್ರಗಳಿಂದಲೂ ಎರಡು ತೆಳು ತಂತಿ ಮುಂದಕ್ಕೆ ಎಳೆದೆ. ಒಂದು ಚಕ್ರ ಸತ್ತ ಜಾಗದಲ್ಲಿದ್ದರೂ ಮತ್ತೊಂದು ಹಳಿ ಹಿಡಿದಿರುತ್ತದೆ. ಈಗ ಪಾಯಿಂಟಿನ ಮೇಲೆ ಆಮೆಯಂತೆ ತೆವಳಿ ಹೋಗುತ್ತದೆ. ತೀರ್ಪು ಕೊಟ್ಟವರೇ ಎರಡು ಸುತ್ತು ಓಡಿಸಿ, ಮೋಟಾರ್ ಎಲ್ಲಿ ಸಿಗುತ್ತದೆ ಎಂದು ಕೇಳಿದರು.

ಟ್ರೇಲರ್ ಸೇರಿ ಒಟ್ಟು ಖರ್ಚು ಎರಡೂವರೆ, ಹೆಚ್ಚೆಂದರೆ ಮೂರು ಸಾವಿರ. ಕೆಟ್ಟ ಪ್ರಯೋಗಗಳ ದುಡ್ಡು ಇದರಲ್ಲಿಲ್ಲ, ಅದನ್ನು ಮನೆಯಲ್ಲೂ ಹೇಳಿಲ್ಲ. ಗೇರ್ ಕೊಳ್ಳುವಾಗ ಎರಡೇ ಕೊಳ್ಳಬೇಡಿ, ಒಂದು ಹಿಡಿ ತನ್ನಿ. ಅರ್ಧಕ್ಕರ್ಧ ತೂತು ನಡುವಿಗಿರುವುದಿಲ್ಲ.