ಹೊರೆ ಹೊರುವ ಸೈಕಲ್‌ಗೆ ಎಂಥ ಟೈರ್?

ಹಾಸನದ ಸುತ್ತಲ ಹಳ್ಳಿಗಳಲ್ಲಿ ಡೇರಿಗೆ ಹಾಲು, ಸಂತೆಗೆ ಆಲೂಗೆಡ್ಡೆ, ಹಟ್ಟಿಗೆ ಹುಲ್ಲು ಈಗಲೂ ಸೈಕಲ್ ಮೇಲೆ ಹೋಗುವುದುಂಟು. ಅಂಥ ಸೈಕಲ್‌ಗೆ ಟೈರ್ ಕೊಳ್ಳುವಾಗ ‘ಗಟ್ಟಿ ಇರೋದು ಕೊಡಿ’ ಅಂದರೆ ಸಾಲದು.

ಮೊದಲು ತೂಕದ ಲೆಕ್ಕ. ಸವಾರ 65 ಕೆಜಿ, ಸೈಕಲ್ 20 ಕೆಜಿ, 20 ಲೀಟರಿನ ಎರಡು ತುಂಬಿದ ಹಾಲಿನ ಕ್ಯಾನು ಸುಮಾರು 50 ಕೆಜಿ ಅಂದುಕೊಳ್ಳಿ. ಒಟ್ಟು 135. ಎರಡೂ ಚಕ್ರಕ್ಕೆ ಅರ್ಧರ್ಧ ಬೀಳುತ್ತೆ ಅಂದುಕೊಳ್ಳಬೇಡಿ. ಕ್ಯಾರಿಯರ್ ಹಿಂದಿದೆ, ಸೀಟೂ ಹಿಂದಕ್ಕೇ ಇದೆ. ಮೂರರಲ್ಲಿ ಎರಡು ಪಾಲು, ಅಂದರೆ 90 ಕೆಜಿ, ಹಿಂದಿನ ಟೈರ್ ಮೇಲೆಯೇ ಕೂರುತ್ತದೆ. ಕೆಲವು ಟೈರ್‌ಗಳ ಪಕ್ಕದಲ್ಲಿ ‘ಮ್ಯಾಕ್ಸ್ ಲೋಡ್’ ಎಂದು ಅಚ್ಚಾಗಿರುತ್ತದೆ. ಅದು ಒಂದು ಟೈರಿನ ಮಿತಿ, ಇಡೀ ಸೈಕಲ್ಲಿನದಲ್ಲ.

ಆಮೇಲೆ ಅಳತೆ. ಎಡವಟ್ಟಾಗುವುದು ಇಲ್ಲೇ. ‘28 ಇಂಚು’ ಅಂತ ಕೇಳಿದರೆ ಎರಡು ಬೇರೆ ಟೈರ್ ಬರಬಹುದು. ಹಳೇ ಕಪ್ಪು ಸೈಕಲ್ಲಿನದು 28 x 1½. ಅದರ ಮೇಲೆ 40-635 ಎಂದೂ ಇರುತ್ತದೆ. ಇನ್ನೊಂದು 37-622. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ಟೈರ್ ರಿಮ್ಮಿನ ಮೇಲೆ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಎರಡನೇ ಅಂಕಿ ಹಳೇ ಟೈರಿನದಕ್ಕೆ ಸರಿಯಾಗಿ ಹೊಂದಲೇಬೇಕು. 26 ಇಂಚಿನಲ್ಲೂ ಇದೇ ಕಥೆ: 559 ಬೇರೆ, 590 ಬೇರೆ. ಸುಮ್ನೆ ಹಳೇ ಟೈರನ್ನೇ ಅಂಗಡಿಗೆ ಒಯ್ಯುವುದು ಒಳ್ಳೇದು.

ರಿಮ್ಮಿಗೆ ಹೊಂದಿ, ಫ್ರೇಮಿಗೂ ಮಡ್‌ಗಾರ್ಡಿಗೂ ತಾಗದಷ್ಟು ಜಾಗವಿದ್ದರೆ ಸ್ವಲ್ಪ ಅಗಲದ್ದನ್ನೇ ತಗೊಳ್ಳಿ. ಒಳಗೆ ಗಾಳಿ ಜಾಸ್ತಿ ಹಿಡಿಯುತ್ತದೆ. ಭಾರ ಹೊರುವುದು ಗಾಳಿ, ರಬ್ಬರ್ ಅಲ್ಲ. ಟಾರು ರಸ್ತೆಗೆ ದೊಡ್ಡ ಗುಬುಟಿನ ಟೈರ್ ನನ್ನ ಪ್ರಕಾರ ದಂಡ. ತುಳಿಯುವ ಕಾಲಿಗೆ ಸುಸ್ತು, ಅಷ್ಟೇ. ಮಳೆಗಾಲದಲ್ಲಿ ಸಕಲೇಶಪುರದ ಕಡೆ ತೋಟದ ಕೆಸರಿನಲ್ಲಿ ಓಡಿಸುವವರಿಗೆ ಮಾತ್ರ ಅದು ಬೇಕು.

ಟೈರ್ ಹಾಕಿಸಿದ ಮೇಲೆ ಅದರ ಪಕ್ಕದಲ್ಲಿರುವ ಪಿಎಸ್ಐ ಅಂಕಿ, ಅಂದರೆ ಗಾಳಿಯ ಒತ್ತಡದ ಮಿತಿ, ನೋಡಿ ಗಾಳಿ ಹೊಡೆಸಿ. ಭಾರ ಹೇರುವ ದಿನ ಹಿಂದಿನದರಲ್ಲಿ ಗಾಳಿ ಆ ಮಿತಿಗೆ ಹತ್ತಿರವಿರಲಿ, ಮೀರುವುದು ಬೇಡ. ಟ್ಯೂಬಿನಲ್ಲಿ ಅಕ್ಕಪಕ್ಕ ಎರಡು ತೂತು ಕಂಡರೆ ಅದು ಸಾಮಾನ್ಯವಾಗಿ ಮುಳ್ಳಿನ ಕೆಲಸವಲ್ಲ. ಗಾಳಿ ಕಮ್ಮಿಯಿದ್ದು, ಗುಂಡಿಗೆ ಬಿದ್ದಾಗ ಟ್ಯೂಬ್ ರಿಮ್ಮಿಗೆ ಸಿಕ್ಕಿ ಕಚ್ಚಿಸಿಕೊಂಡಿರುತ್ತದೆ. ಟೈರಿನ ಪಕ್ಕದಲ್ಲಿ ಬಿರುಕು ಬಿಟ್ಟು ನೂಲು ಕಾಣಿಸಿದರೆ ಪ್ಯಾಚ್ ಹಾಕಿಸುತ್ತಾ ಕೂರಬೇಡಿ, ಬದಲಾಯಿಸಿ.

ಇನ್ನೊಂದು ಮಾತು, ಟೈರ್ ತಡೆದರೂ ಕ್ಯಾರಿಯರ್ ತಡೆಯಬೇಕಲ್ವಾ? ಮಾಮೂಲಿ ಕ್ಯಾರಿಯರ್‌ಗಳಲ್ಲಿ ಎಷ್ಟೋ 25 ಕೆಜಿಗಷ್ಟೇ ಮಾಡಿದಂಥವು. ಹಾಲಿನ ಕ್ಯಾನಿಗೆ ದಪ್ಪ ಸರಳಿನದನ್ನು ಹಾಕಿಸಿ, ಅದೇ ಹೊತ್ತಿಗೆ ಹಿಂದಿನ ಚಕ್ರದ ಸಡಿಲ ಕಡ್ಡಿಗಳನ್ನೂ ಬಿಗಿ ಮಾಡಿಸಿ.