ಅವಳ ಜೊತೆ ಆಸ್ಪತ್ರೆಗೆ ಹೋಗುವವರಿಗೆ

ಲೈಂಗಿಕ ದೌರ್ಜನ್ಯ ಆದ ಹೆಣ್ಣುಮಗಳ ಜೊತೆ ಹೋಗುವ ಅಕ್ಕ, ಅತ್ತೆ, ಪಕ್ಕದ ಮನೆಯವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲನೆಯದು, ಬಚ್ಚಲಿಗೆ ಕಳಿಸಬೇಡಿ. ಶಿರಸಿ, ಸಿದ್ದಾಪುರ ಕಡೆ ಹಂಡೆಯಲ್ಲಿ ಬಿಸಿನೀರು ಇದ್ದೇ ಇರುತ್ತದೆ. "ಸ್ನಾನ ಮಾಡು, ಆಮೇಲೆ ನೋಡೋಣ" ಅನ್ನುವುದು ಪ್ರೀತಿಯಿಂದಲೇ, ಆದರೆ ಆ ನೀರಿನ ಜೊತೆ ಸಾಕ್ಷ್ಯವೂ ಹೋಗುತ್ತದೆ. ಸ್ನಾನ ಆಗಿಹೋಗಿದ್ದರೆ ಬೈಯಬೇಡಿ, ಹಾಗೇ ಹೊರಡಿ. ಆಗ ಹಾಕಿಕೊಂಡಿದ್ದ ಬಟ್ಟೆ ಒಗೆಯಬೇಡಿ, ಹಳೆ ಪೇಪರಿನಲ್ಲಿ ಸುತ್ತಿಕೊಳ್ಳಿ. ಪ್ಲಾಸ್ಟಿಕ್ ಕೊಟ್ಟೆ ಬೇಡ, ನಮ್ಮ ಮಳೆಗಾಲದಲ್ಲಿ ಅದರೊಳಗೆ ಒಂದೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ.

ಎರಡನೆಯದು ಗಂಟೆಯ ಲೆಕ್ಕ. ಎಚ್‌ಐವಿ ತಡೆಯುವ ಮಾತ್ರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೆಯದು. ಗರ್ಭ ನಿಲ್ಲದಂತೆ ಕೊಡುವ ಮಾತ್ರೆಯೂ ಅಷ್ಟರೊಳಗೆ ತೆಗೆದುಕೊಂಡರೆ ಚೆನ್ನಾಗಿ ಕೆಲಸ ಮಾಡುತ್ತದೆ. ತಡವಾಗಿದ್ದರೂ ಹೋಗಿ. ಗಾಯಕ್ಕೆ, ಸೋಂಕಿಗೆ ಚಿಕಿತ್ಸೆ ಬೇಕೇ ಬೇಕಲ್ವಾ?

ಇನ್ನು ಎಲ್ಲಿಗೆ ಹೋಗಬೇಕು? ಹಳ್ಳಿಗೂ ಪೇಟೆಗೂ ವ್ಯತ್ಯಾಸ ಇರುವುದು ಇಲ್ಲೇ. ಜೋಯಿಡಾದ ಕಾಡಿನ ಊರಿನಿಂದ ಕಾರವಾರಕ್ಕೆ ಘಟ್ಟ ಇಳಿಯಬೇಕು, ದೂರ ಇದೆ, ನಿಜ. ಆದರೆ ಹಳ್ಳಿಯವರನ್ನು ಮನೆಯಲ್ಲೇ ಕೂರಿಸುವುದು ದೂರಕ್ಕಿಂತ ಜಾಸ್ತಿ ಪರಿಚಯ ಅಂತ ನನಗೆ ಅನ್ನಿಸುತ್ತದೆ. ಬಸ್ಸಿನ ಕಂಡಕ್ಟರಿಗೆ ನೀವು ಗೊತ್ತು, ಆಸ್ಪತ್ರೆ ನರ್ಸು ನಿಮ್ಮ ನಾದಿನಿಯ ಊರಿನವಳು, ಮೆಡಿಕಲ್ ಶಾಪಿನವನು ಮಾತ್ರೆ ಕೊಡುವ ಮೊದಲು "ಯಾರಿಗೆ?" ಅಂತ ಕೇಳುತ್ತಾನೆ. ಹಾಗಾಗಿ ನಿಮ್ಮೂರಿನ ಆಸ್ಪತ್ರೆಗೇ ಹೋಗಬೇಕು ಅಂತ ಇಲ್ಲ. ಕುಮಟಾದವರು ಹೊನ್ನಾವರಕ್ಕೆ ಹೋಗಬಹುದು, ಯಲ್ಲಾಪುರದವರು ಶಿರಸಿಗೆ. ಸರ್ಕಾರಿ ಆಗಲಿ, ಖಾಸಗಿ ಆಗಲಿ, ಯಾವ ಆಸ್ಪತ್ರೆಯೂ ವಾಪಸ್ ಕಳಿಸುವಂತಿಲ್ಲ, ಚಿಕಿತ್ಸೆಗೆ ದುಡ್ಡು ಕೇಳುವಂತಿಲ್ಲ. ಕಳಿಸಿದರೆ ಒಂದು ವರ್ಷದವರೆಗೆ ಜೈಲು ಅಂತ ಕಾನೂನಿದೆ. ಆದರೆ ರಕ್ತ ಹೋಗುತ್ತಿದ್ದರೆ ಈ ಲೆಕ್ಕ ಎಲ್ಲ ಬಿಡಿ, ಹತ್ತಿರದಲ್ಲಿ ಯಾವುದಿದೆಯೋ ಅಲ್ಲಿಗೆ ಓಡಿ, 108ಕ್ಕೆ ಫೋನ್ ಮಾಡಿ.

ಕಾರವಾರದಂಥ ಪೇಟೆಯಲ್ಲಿ ಆಟೊ ಹತ್ತಿದರೆ ಆಸ್ಪತ್ರೆ. ಯಾರೂ ಗುರುತು ಹಿಡಿಯುವುದಿಲ್ಲ. ಆದರೆ ನೌಕರಿಗೆ ಅಂತ ಬಂದು ಬಾಡಿಗೆ ರೂಮಿನಲ್ಲಿರುವ ಹುಡುಗಿಗೆ ಜೊತೆಗೆ ಬರುವವರೂ ಇರುವುದಿಲ್ಲ. ಅಂಥವಳಿಗೆ 181 ಸಹಾಯವಾಣಿ ಇದೆ. ಸಖಿ ಕೇಂದ್ರಕ್ಕೂ ಹೋಗಬಹುದು, ಅಲ್ಲಿ ವೈದ್ಯರು, ವಕೀಲರು, ಪೊಲೀಸರು ಈ ಮೂರೂ ಕಡೆಯ ನೆರವಿಗೆ ದಾರಿ ಮಾಡಿಕೊಡುತ್ತಾರೆ.

ಚೀಟಿ ಮಾಡಿಸುವ ಕೌಂಟರಿನಲ್ಲಿ ಹಿಂದೆ ಹತ್ತು ಜನ ನಿಂತಿರುವಾಗ "ಏನಾಗಿದೆ?" ಅಂತ ಜೋರಾಗಿ ಕೇಳುತ್ತಾರೆ. ಅಲ್ಲಿ ಕಥೆ ಹೇಳಬೇಡಿ. "ತುರ್ತು ಇದೆ, ಲೇಡಿ ಡಾಕ್ಟರ್ ಹತ್ತಿರ ಒಬ್ಬರೇ ಮಾತಾಡಬೇಕು" ಅಂದರೆ ಸಾಕು. "ಮೊದಲು ಪೊಲೀಸ್ ಕಂಪ್ಲೇಂಟ್ ತನ್ನಿ" ಅಂದರೆ ಒಪ್ಪಬೇಡಿ, ಎಫ್‌ಐಆರ್ ಇಲ್ಲದೆಯೂ ಚಿಕಿತ್ಸೆ ಕೊಡಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸುತ್ತಾರೆ, ಅದು ಅವರ ಕರ್ತವ್ಯ. ದೂರು ಕೊಡುವುದು ಬಿಡುವುದು ದೊಡ್ಡವರಾದರೆ ಅವಳಿಗೆ ಬಿಟ್ಟಿದ್ದು. 18 ವರ್ಷದೊಳಗಿನವರಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಯುವ ಪೋಕ್ಸೋ ಕಾಯ್ದೆ ಇದೆ, ಅಲ್ಲಿ ಮುಚ್ಚಿಡುವ ಹಾಗಿಲ್ಲ.

ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು. ಸ್ವಲ್ಪಕ್ಕೆ ಒಪ್ಪಿ ಸ್ವಲ್ಪಕ್ಕೆ ಬೇಡ ಅನ್ನಬಹುದು, ಹಾಗಂತ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಯೋನಿಯೊಳಗೆ ಬೆರಳಿಟ್ಟು ನೋಡುವ ಎರಡು ಬೆರಳಿನ ಪರೀಕ್ಷೆ ಮಾಡಲೇಬಾರದು, 2022ರಲ್ಲಿ ಸುಪ್ರೀಂ ಕೋರ್ಟ್ ಮತ್ತೊಮ್ಮೆ ಖಡಕ್ಕಾಗಿ ಹೇಳಿದೆ. ಹೊರಡುವಾಗ ವರದಿಯ ಪ್ರತಿ ಕೇಳಿ, ಪುಕ್ಕಟೆ ಕೊಡಬೇಕು.

ಹಳ್ಳಿಯವರು ಸೋಲುವುದು ಆಮೇಲೆ. ಎಚ್‌ಐವಿ ಮಾತ್ರೆ 28 ದಿನ ತಪ್ಪದೆ ನುಂಗಬೇಕು. ಮತ್ತೆ ರಕ್ತ ಪರೀಕ್ಷೆಗೂ ಬರಬೇಕು. ಪ್ರತಿ ಸಲ ಒಂದು ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ಒಂದು ಸುಳ್ಳು ಹೇಳಬೇಕು. ಆದ್ದರಿಂದ ಅಷ್ಟೂ ದಿನದ ಮಾತ್ರೆ ಒಟ್ಟಿಗೆ ಕೊಡಲು ಆಗುತ್ತದಾ ಅಂತ ಡಾಕ್ಟರನ್ನು ಮೊದಲ ದಿನವೇ ಕೇಳಿ. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿಗೆ ದುಡ್ಡು ಬೇಡ, ಆಧಾರ್ ಕಾರ್ಡ್ ಮರೆಯಬೇಡಿ. ಕಂಡಕ್ಟರ್ ಎಲ್ಲಿಗೆ ಅಂತ ಕೇಳಿದರೆ ಸಂತೆಗೆ ಅನ್ನಿ.