ಕೊರ್ದೋಬಾದ ದೊಡ್ಡ ಮಸೀದಿಯನ್ನು ಕಟ್ಟಿದ ಕ್ರಮದಲ್ಲೇ ನೋಡುವುದು ಹೇಗೆ

ಸ್ಪೇನಿನ ಕೊರ್ದೋಬಾಗೆ ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟು. ಮಸೀದಿಯ ಒಳಗೆ ಹೋಗಿ ಕೆಂಪು-ಬಿಳಿ ಕಮಾನುಗಳ ಫೋಟೋ ತೆಗೆಯುತ್ತಾರೆ. ಪ್ರಾರ್ಥನೆಯ ದಿಕ್ಕು ತೋರುವ ಮಿಹ್ರಾಬ್ ಮುಂದೆ ಗುಂಪಿನಲ್ಲಿ ನಿಂತು ಕತ್ತೆತ್ತಿ ನೋಡುತ್ತಾರೆ. ಮಸೀದಿ ಚರ್ಚ್ ಆದ ಮೇಲೆ ಅದರ ನಡುವೆ ಎದ್ದ ಕೆಥೆಡ್ರಲ್‌ಗೆ ಒಂದು ಸುತ್ತು ಹಾಕಿ ಹೊರಗೆ ಬರುತ್ತಾರೆ. ಕಣ್ಣು ತುಂಬುತ್ತದೆ, ನಿಜ. ಆದರೆ ಆ ಕಂಬಗಳೆಲ್ಲ ಒಂದೇ ಕಾಲದವು ಎಂದುಕೊಂಡೇ ಹೆಚ್ಚಿನವರು ಮರಳುತ್ತಾರೆ.

ಹಳೆಯ ಕಟ್ಟಡಗಳ ಅಳತೆ ತೆಗೆದು ನಕ್ಷೆ ಬರೆಯುವುದು ನನ್ನ ಕೆಲಸ. ಹಾಗಾಗಿ ಎಲ್ಲಿ ಹೋದರೂ ನನ್ನ ಕಣ್ಣು ಮೊದಲು ಹುಡುಕುವುದು ಜೋಡಣೆಯನ್ನು. ಹಳೆ ಗೋಡೆ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು? ಈ ಮಸೀದಿಯಲ್ಲಿ ಆ ಜಾಗಗಳು ಇವತ್ತಿಗೂ ಬರಿಗಣ್ಣಿಗೆ ಕಾಣುತ್ತವೆ. ಅವನ್ನು ಹಿಡಿದು ನಡೆದರೆ ಇನ್ನೂರು ವರ್ಷದ ಇತಿಹಾಸವನ್ನು ಕಾಲಲ್ಲೇ ನಡೆದು ಮುಗಿಸಬಹುದು.

ಜೊತೆಗೆ ಬೇಕಾದದ್ದು ಸ್ವಲ್ಪವೇ. ಒಂದು ಸಣ್ಣ ಬೈನಾಕ್ಯುಲರ್, ಒಂದು ನೋಟ್‌ಬುಕ್, ಪೆನ್ಸಿಲ್, ಫೋನಿನಲ್ಲಿ ದಿಕ್ಸೂಚಿ. ಬೆಳಗ್ಗೆ ಬೇಗ ಹೋಗಿ. ಸೋಮವಾರದಿಂದ ಶನಿವಾರದವರೆಗೆ ಸಾಮಾನ್ಯವಾಗಿ 8:30ರಿಂದ 9:30ರವರೆಗೆ ಉಚಿತ ಪ್ರವೇಶ ಇರುತ್ತದೆ, ಆಗ ಗೈಡುಗಳ ಗುಂಪು ಇರುವುದಿಲ್ಲ. ಹೊರಡುವ ಮುಂಚೆ ಸಮಯವನ್ನು ಒಮ್ಮೆ ಖಚಿತ ಮಾಡಿಕೊಳ್ಳಿ. ನಿಧಾನವಾಗಿ ನೋಡಬೇಕು ಅಂದರೆ ಆ ಒಂದು ಗಂಟೆ ಸಾಲದು. ಇನ್ನೊಂದು ದಿನ ಟಿಕೆಟ್ ತಗೊಂಡು ಮತ್ತೆ ಹೋಗುವುದು ಒಳ್ಳೆಯದು.

ಈ ಮಸೀದಿಯನ್ನು ಹಂತ ಹಂತವಾಗಿ ಕಟ್ಟಿಸಿದ ನಾಲ್ವರ ಹೆಸರು ನೆನಪಿಟ್ಟುಕೊಂಡರೆ ಸಾಕು. ಮೊದಲನೆಯದು ಒಂದನೇ ಅಬ್ದುರ್ರಹಮಾನ್. ಡಮಾಸ್ಕಸ್‌ನಿಂದ ಆಳುತ್ತಿದ್ದ ಉಮಯ್ಯದ್ ಮನೆತನವನ್ನು 750ರಲ್ಲಿ ಎದುರಾಳಿ ಮನೆತನವಾದ ಅಬ್ಬಾಸಿದರು ಕೊಂದು ಮುಗಿಸಿದಾಗ ತಪ್ಪಿಸಿಕೊಂಡ ಹುಡುಗ. ಉತ್ತರ ಆಫ್ರಿಕಾದ ಉದ್ದಕ್ಕೂ ಅಲೆದು 755ರಲ್ಲಿ ಸ್ಪೇನಿಗೆ ಬಂದ, 756ರಲ್ಲಿ ಕೊರ್ದೋಬಾದ ಅಮೀರ್ ಆದ. ಈ ಮಸೀದಿಗೆ ಕೈ ಹಾಕಿದ್ದು ಸುಮಾರು 785ರಲ್ಲಿ, ಅಂದರೆ ಬದುಕಿನ ಕೊನೆಗೆ. ಎರಡನೆಯದು ಅವನ ಮರಿಮಗ ಎರಡನೇ ಅಬ್ದುರ್ರಹಮಾನ್, ಅವನು ಕಟ್ಟಿಸಿದ್ದು 833ರಿಂದ 848ರವರೆಗೆ. ಮೂರನೆಯದು ಖಲೀಫ ಎರಡನೇ ಅಲ್-ಹಕಮ್, 962ರಿಂದ. ನಾಲ್ಕನೆಯದು ಅಲ್-ಮನ್ಸೂರ್, 987ರಿಂದ. ಇವನು ಖಲೀಫನಲ್ಲ. ಚಿಕ್ಕ ವಯಸ್ಸಿನಲ್ಲೇ ಪಟ್ಟಕ್ಕೆ ಬಂದ ಖಲೀಫನ ಹೆಸರಲ್ಲಿ ರಾಜ್ಯ ನಡೆಸಿದ ಮಂತ್ರಿ.

ಒಳಗೆ ಹೋಗುವ ಮುಂಚೆ ಹೊರಗೆ ಒಂದು ಸುತ್ತು ಹಾಕಿ. ಪಶ್ಚಿಮದ ಬೀದಿಯಲ್ಲಿ ಸಾನ್ ಎಸ್ತೆಬಾನ್ ಬಾಗಿಲು ಸಿಗುತ್ತದೆ. ಅದರ ಕಮಾನಿನ ಮೇಲಿನ ಅರಬ್ಬಿ ಬರಹ 855-56ರದು. ಕಲ್ಲು ಸವೆದಿದೆ, ಕೆತ್ತನೆ ಮಸುಕಾಗಿದೆ, ಆದರೂ ನನಗೆ ಇಡೀ ಹೊರಗೋಡೆಯಲ್ಲಿ ಅತಿ ಪ್ರೀತಿಯ ಜಾಗ ಇದೇ. ಪೂರ್ವದ ಕಡೆಯ ಬಾಗಿಲುಗಳು ಇನ್ನೂ ಗರಿಗರಿಯಾಗಿ ಕಾಣುತ್ತವೆ. ಅವುಗಳಲ್ಲಿ ಬಹಳಷ್ಟು 20ನೇ ಶತಮಾನದ ಶುರುವಿನಲ್ಲಿ ದುರಸ್ತಿಯಾದವು, ಅದನ್ನು ತಿಳಿದೇ ನೋಡಿ. ದಕ್ಷಿಣಕ್ಕೆ ಬಂದಾಗ ನಿಂತು ನದಿ ಎಷ್ಟು ಹತ್ತಿರ ಇದೆ ಅಂತ ಗಮನಿಸಿ. ಗ್ವಾದಲ್ಕಿವೀರ್ ಅಲ್ಲೇ ಹರಿಯುತ್ತದೆ. ಈ ದೂರ ಒಳಗೆ ಹೋದ ಮೇಲೆ ಬೇಕಾಗುತ್ತದೆ.

ಕಿತ್ತಳೆ ಮರಗಳ ಅಂಗಳದಲ್ಲಿ ಎರಡು ಕೆಲಸ. ಮೊದಲು ಗಂಟೆಗೋಪುರ ನೋಡಿ. ಅಲ್-ಹಕಮ್‌ನ ತಂದೆ ಮೂರನೇ ಅಬ್ದುರ್ರಹಮಾನ್ 951-52ರಲ್ಲಿ ಕಟ್ಟಿಸಿದ ಮಿನಾರ್ ಅದರ ಹೊಟ್ಟೆಯೊಳಗೆ ಇದೆ. 1593ರಿಂದ ಅದರ ಸುತ್ತ ಹೊಸ ಕಲ್ಲಿನ ಹೊದಿಕೆ ಎದ್ದಿತು. ಆಮೇಲೆ ಅಂಗಳದ ಸುತ್ತಿನ ಮೊಗಸಾಲೆಗೆ ಹೋಗಿ. ಗೋಡೆಯಲ್ಲಿ ಕೆತ್ತನೆಯ ಹಳೆ ತೊಲೆಗಳನ್ನು ತೂಗುಹಾಕಿದ್ದಾರೆ. ಅವು ಮಸೀದಿಯ ಮೂಲ ಮರದ ಚಾವಣಿಯವು. ಯಾರೂ ನಿಂತು ನೋಡುವುದಿಲ್ಲ, ನೀವು ನೋಡಿ. ಒಳಗೆ ತಲೆಯೆತ್ತಿದಾಗ ಕೆಲವೆಡೆ 18ನೇ ಶತಮಾನದ ಬಿಳಿ ಗಾರೆಯ ಚಾವಣಿ, ಕೆಲವೆಡೆ ಆಮೇಲೆ ಹೊಸದಾಗಿ ಮಾಡಿದ ಮರದ ಚಾವಣಿ ಕಾಣುತ್ತದೆ. ಹಳೆಯ ಮರ ಹೇಗಿತ್ತು ಅಂತ ತಿಳಿಯಲು ಈ ತೊಲೆಗಳೇ ಆಧಾರ.

ಇನ್ನು ಒಳಗೆ. ಎಲ್ಲರೂ ಮಿಹ್ರಾಬ್ ಕಡೆ ಓಡುತ್ತಾರೆ. ನೀವು ಓಡಬೇಡಿ. ಅಂಗಳಕ್ಕೆ ಅಂಟಿದ ಉತ್ತರದ ಭಾಗದಲ್ಲಿ, ಪಶ್ಚಿಮದ ಕಡೆಗೆ ನಿಲ್ಲಿ. ಇದು 785ರ ಮಸೀದಿ. ಇಲ್ಲಿ ಒಂದೇ ಒಂದು ಕಂಬ ಆರಿಸಿ ಬುಡದಿಂದ ಮೇಲಕ್ಕೆ ನೋಡುತ್ತಾ ಹೋಗಿ. ಅದರ ಪಕ್ಕದ ಕಂಬವನ್ನೂ ಹಾಗೇ ನೋಡಿ. ಒಂದು ನುಣುಪು, ಇನ್ನೊಂದಕ್ಕೆ ಗೀರು. ಒಂದಕ್ಕೆ ಪೀಠ ಇದೆ, ಇನ್ನೊಂದು ನೆಲದಿಂದಲೇ ಎದ್ದ ಹಾಗಿದೆ. ಕಂಬದ ನೆತ್ತಿಯ ಬೋದಿಗೆಗಳೂ ಬೇರೆ ಬೇರೆ. ಇವೆಲ್ಲ ರೋಮನ್ನರ ಮತ್ತು ಅವರ ನಂತರ ಸ್ಪೇನನ್ನು ಆಳಿದ ವಿಸಿಗೋಥರ ಕಾಲದ ಕಟ್ಟಡಗಳಿಂದ ತಂದವು. ಸಿಕ್ಕ ಕಂಬಗಳ ಎತ್ತರ ಒಂದೇ ಇರಲಿಲ್ಲ, ಪೀಠದಲ್ಲಿ ಬೋದಿಗೆಯಲ್ಲಿ ಹೊಂದಿಸಿಕೊಂಡರು.

ಆದರೆ ಆ ಕಂಬಗಳು ಗಿಡ್ಡ. ಇಷ್ಟು ಅಗಲದ ಕೋಣೆಗೆ ಚಾವಣಿ ಅಷ್ಟು ಕೆಳಗಿದ್ದರೆ ಉಸಿರು ಕಟ್ಟುತ್ತದೆ. ಅದಕ್ಕೆ ಅವರು ಕಂಡುಕೊಂಡ ಉಪಾಯ ನನ್ನನ್ನು ಪ್ರತಿ ಸಲವೂ ಬೆರಗುಗೊಳಿಸುತ್ತದೆ. ಬೋದಿಗೆಯ ಮೇಲೆ ಇನ್ನೊಂದು ಚೌಕ ಕಂಬ ನಿಲ್ಲಿಸಿದರು. ಆ ಎರಡನೇ ಕಂಬಗಳು ವಾಲದ ಹಾಗೆ ಕೆಳಗೆ ಕುದುರೆ ಲಾಳದ ಆಕಾರದ ಕಮಾನು ಕಟ್ಟಿದರು. ಮೇಲೆ ಅರ್ಧವೃತ್ತದ ಕಮಾನು. ಕೆಳಗಿನದು ಬರೀ ಬಿಗಿ ಹಿಡಿಯುತ್ತದೆ, ಅದರ ಮೇಲೆ ಗೋಡೆ ಇಲ್ಲ, ಗಾಳಿ ಬೆಳಕು ಹಾಯುತ್ತದೆ. ಭಾರ ಹೊರುವುದು ಮೇಲಿನದು. ಅದರ ಮೇಲಿನ ದಪ್ಪ ಗೋಡೆಯ ನೆತ್ತಿಯಲ್ಲಿ ಮಳೆನೀರು ಹರಿದು ಹೋಗುವ ದೋಣಿ. ಕೆಂಪು ಭಾಗ ಇಟ್ಟಿಗೆ, ಬಿಳಿ ಭಾಗ ಕಲ್ಲು. ಮೆರಿಡಾ ಊರಲ್ಲಿ ರೋಮನ್ನರ ನೀರಿನ ಮೇಲ್ಗಾಲುವೆ ಇದೆ, ಅಲ್ಲೂ ಹೀಗೆ ಅಂತಸ್ತು ಅಂತಸ್ತಾಗಿ ಕಮಾನುಗಳಿವೆ, ಕಲ್ಲು ಇಟ್ಟಿಗೆ ಎರಡೂ ಇವೆ. ಆ ನಾಡಿನಲ್ಲಿ ಕಣ್ಣಮುಂದೆ ಇದ್ದದ್ದನ್ನು ತಗೊಂಡು ಹೊಸದೇನನ್ನೋ ಮಾಡಿದರು. ನೋಟ್‌ಬುಕ್ಕಿನಲ್ಲಿ ಈ ಕಂಬ ಬರೆದುಕೊಳ್ಳಿ. ಚಿತ್ರ ಚೆನ್ನಾಗಿ ಬರಬೇಕಾಗಿಲ್ಲ. ಪೀಠ, ಬಣ್ಣ, ಬೋದಿಗೆ, ಕಮಾನು ಇಷ್ಟು ಗುರುತಾದರೆ ಸಾಕು.

ಈಗ ದಕ್ಷಿಣಕ್ಕೆ ನಡೆಯಿರಿ. ಹನ್ನೆರಡು ಅಂಕಣ ದಾಟಿದ ಮೇಲೆ ಕಂಬಗಳ ಜಾಗದಲ್ಲಿ ಇದ್ದಕ್ಕಿದ್ದಂತೆ ದಪ್ಪ ಕಲ್ಲಿನ ತುಂಡುಗಳು ಸಿಗುತ್ತವೆ. ಮೊದಲ ಮಸೀದಿಯ ಕಿಬ್ಲಾ ಗೋಡೆ, ಅಂದರೆ ನಮಾಜ್ ಮಾಡುವಾಗ ಮುಖ ಮಾಡುವ ಗೋಡೆ, ಇದ್ದದ್ದು ಇಲ್ಲೇ. ಎರಡನೇ ಅಬ್ದುರ್ರಹಮಾನ್ ಅದನ್ನು ಒಡೆದು ಮುಂದಕ್ಕೆ ಕಟ್ಟಿಸಿದಾಗ ಉಳಿದ ಬುಡಗಳು ಇವು. ದಾಟಿ ಮತ್ತೆ ಒಂದು ಕಂಬ ಬರೆಯಿರಿ. ಇಲ್ಲಿ ಹಳೆ ಬೋದಿಗೆಗಳ ಜೊತೆಗೆ ಕೊರ್ದೋಬಾದಲ್ಲೇ ಹೊಸದಾಗಿ ಕೆತ್ತಿದವೂ ಬರತೊಡಗುತ್ತವೆ.

ಇನ್ನೂ ದಕ್ಷಿಣಕ್ಕೆ ಹೋದರೆ ವಿಲ್ಯಾವಿಸಿಯೋಸಾ ಎಂಬ ಪ್ರಾರ್ಥನಾ ಮಂಟಪ. ಅಲ್-ಹಕಮ್ ಸೇರಿಸಿದ ಭಾಗ ಇಲ್ಲಿಂದ ಶುರು. ಇಲ್ಲಿ ಹಣವೂ ಇದೆ, ಓದಿದ ಮನಸ್ಸೂ ಇದೆ. ಕಂಬಗಳು ಹೇಳಿ ಮಾಡಿಸಿದವು. ಒಂದು ಗುಲಾಬಿ ಛಾಯೆ, ಅದರ ಪಕ್ಕದ್ದು ಕಪ್ಪುನೀಲಿ, ಹೀಗೇ ಒಂದು ಬಿಟ್ಟು ಒಂದು. ಪೀಠಗಳೇ ಇಲ್ಲ. ಇಲ್ಲೂ ಒಂದು ಕಂಬ ಬರೆದುಕೊಳ್ಳಿ, ಅದು ಮೂರನೆಯದು. ಕಮಾನುಗಳು ಎಸಳು ಎಸಳಾಗಿ ಒಂದನ್ನೊಂದು ಹೆಣೆದುಕೊಂಡಿವೆ. ಇದು ಸುಮ್ನೆ ಅಲಂಕಾರ ಅಂದುಕೊಳ್ಳಬೇಡಿ. ಮೇಲೆ ಕಲ್ಲಿನ ಗುಮ್ಮಟಗಳಿವೆ. ಮರದ ಚಾವಣಿಗಿಂತ ಅವು ಬಹಳ ಭಾರ. ಆ ಭಾರಕ್ಕೆ ಬೇಕಾದ ಬಲ ಈ ಹೆಣಿಗೆಯಿಂದ ಬರುತ್ತದೆ.

ಮಿಹ್ರಾಬ್ ಮುಂದೆ ಕಂಬಿಬೇಲಿ ಇದೆ. ಬೈನಾಕ್ಯುಲರ್ ಬೇಕಾಗುವುದು ಇಲ್ಲೇ. ಚಿನ್ನದ ಮೊಸಾಯಿಕ್ ಮಾಡಲು ಕಾನ್‌ಸ್ಟಾಂಟಿನೋಪಲ್‌ನ ಚಕ್ರವರ್ತಿ ಕುಶಲಕರ್ಮಿಯನ್ನೂ ಗಾಜಿನ ತುಣುಕುಗಳನ್ನೂ ಕಳಿಸಿದ ಎಂದು ಅರಬ್ಬಿ ಚರಿತ್ರೆಕಾರರು ಬರೆದಿದ್ದಾರೆ. ಕ್ರೈಸ್ತ ಚಕ್ರವರ್ತಿ ಮಸೀದಿಗೆ ಕಳಿಸಿದ ಉಡುಗೊರೆ ಅದು. ಮಿಹ್ರಾಬ್ ಸಾಮಾನ್ಯವಾಗಿ ಗೋಡೆಯಲ್ಲೊಂದು ಗೂಡು. ಇಲ್ಲಿ ಅದು ಎಂಟು ಮೂಲೆಯ ಪುಟ್ಟ ಕೋಣೆ, ಒಳಚಾವಣಿ ಕಪ್ಪೆಚಿಪ್ಪಿನ ಆಕಾರ. ಕಮಾನಿನ ಎರಡೂ ಪಕ್ಕ ಜೋಡಿ ಜೋಡಿಯಾಗಿ ನಾಲ್ಕು ಸಣ್ಣ ಕಂಬಗಳಿವೆ, ಅವನ್ನು ತಪ್ಪದೆ ನೋಡಿ. ಎರಡನೇ ಅಬ್ದುರ್ರಹಮಾನ್‌ನ ಮಿಹ್ರಾಬ್‌ನಲ್ಲಿದ್ದವನ್ನು ಅಲ್-ಹಕಮ್ ಜೋಪಾನವಾಗಿ ಇಲ್ಲಿಗೆ ತಂದು ನಿಲ್ಲಿಸಿದ. ಇಷ್ಟು ಸಿರಿವಂತ ಖಲೀಫ ಹೊಸ ಕಂಬ ಮಾಡಿಸಲಾರದೆ ಹೀಗೆ ಮಾಡಿದನೇ? ಇಲ್ಲ ಅಲ್ವಾ. ಹಿರಿಯರದು ಅಲ್ಲಿರಬೇಕು ಅಂತ ಅವನಿಗೆ ಅನಿಸಿತ್ತು ಎಂದೇ ನಾನು ನಂಬುತ್ತೇನೆ.

ಅಲ್ಲೇ ನಿಂತು ಫೋನಿನ ದಿಕ್ಸೂಚಿ ತೆರೆಯಿರಿ. ಮಿಹ್ರಾಬ್ ದಕ್ಷಿಣಕ್ಕೆ, ತುಸು ಪೂರ್ವಕ್ಕೆ ವಾಲಿ ನೋಡುತ್ತಿದೆ. ಮಿಹ್ರಾಬ್ ಮೆಕ್ಕಾ ಕಡೆಗಿರಬೇಕು, ಆದರೆ ಕೊರ್ದೋಬಾದಿಂದ ಮೆಕ್ಕಾ ಇರುವುದು ಹೆಚ್ಚುಕಡಿಮೆ ಪೂರ್ವಕ್ಕೆ. ರೋಮನ್ ಊರಿನ ಬೀದಿಗಳ ಸಾಲು ಹಿಡಿದು ಕಟ್ಟಿದರು ಅಂತ ಕೆಲವು ವಿದ್ವಾಂಸರು, ದಕ್ಷಿಣಕ್ಕೆ ತಿರುಗುವ ಸಿರಿಯಾದ ರೂಢಿ ಅಂತ ಕೆಲವರು. ಮನೆ ಕಳಕೊಂಡು ಬಂದ ಆ ಮೊದಲ ಅಮೀರನನ್ನು ನೆನೆದರೆ ಸಿರಿಯಾದ ಮಾತು ನನಗೆ ಹತ್ತಿರ ಅನಿಸುತ್ತದೆ.

ಈಗ ಪೂರ್ವಕ್ಕೆ ತಿರುಗಿ. ಹಳೆಯ ಹೊರಗೋಡೆ ಒಡೆದು ಮಾಡಿದ ದೊಡ್ಡ ಕಮಾನುಗಳನ್ನು ದಾಟಿದರೆ ಅಲ್-ಮನ್ಸೂರ್‌ನ ಭಾಗ. ಆ ಗೋಡೆಯ ಹಳೆ ಬಾಗಿಲುಗಳ ಕುರುಹು ಈಗ ಕಟ್ಟಡದ ಒಳಗೇ ಸಿಗುತ್ತದೆ. ದಕ್ಷಿಣದಲ್ಲಿ ನದಿ ಇತ್ತು, ಅದಕ್ಕೇ ಅವನು ಪಕ್ಕಕ್ಕೆ ಬೆಳೆಸಿದ. ಹನ್ನೊಂದು ಸಾಲಿಗೆ ಎಂಟು ಸೇರಿ ಹತ್ತೊಂಬತ್ತಾಯಿತು, ಮಿಹ್ರಾಬ್ ನಡುವಿನಿಂದ ಸರಿದು ಒಂದು ಪಕ್ಕಕ್ಕೆ ಬಿತ್ತು. ಇಲ್ಲಿ ಕಮಾನುಗಳ ಕೆಂಪನ್ನು ಹತ್ತಿರದಿಂದ ನೋಡಿ. ಬಹುಪಾಲು ಇಟ್ಟಿಗೆ ಅಲ್ಲ, ಕಲ್ಲಿಗೆ ಬಳಿದ ಬಣ್ಣ. ಎಲ್ಲ ಒಂದೇ ಅಚ್ಚು, ಬೇಗ ಮುಗಿಸಿದ ಕೆಲಸ. ಆದರೆ ಕಲ್ಲುಕುಟಿಗರು ಕೆತ್ತಿದ ತಮ್ಮ ಹೆಸರುಗಳು, ಗುರುತುಗಳು ಈ ಮಸೀದಿಯಲ್ಲಿ ಸಿಕ್ಕಿವೆ. ಅವುಗಳ ಅಚ್ಚುಗಳನ್ನು ಒಳಗೇ ಪ್ರದರ್ಶನಕ್ಕೆ ಇಟ್ಟಿದ್ದಾರೆ. ಖಲೀಫರ ಹೆಸರು ಓದಿದ ಮೇಲೆ ಇವರ ಹೆಸರಿಗೂ ಐದು ನಿಮಿಷ ಕೊಡಿ.

ಕೆಥೆಡ್ರಲ್ ಕೊನೆಗೆ. 1236ರಲ್ಲಿ ಕ್ರೈಸ್ತ ರಾಜ ಮೂರನೇ ಫರ್ನಾಂಡೋ ಊರನ್ನು ಗೆದ್ದ, ಮಸೀದಿ ಚರ್ಚ್ ಆಯಿತು. ಆದರೂ ಮುಂದಿನ ಸುಮಾರು ಮುನ್ನೂರು ವರ್ಷ ಕಟ್ಟಡದ ಹೆಚ್ಚಿನ ಭಾಗಕ್ಕೆ ಕೈ ಹಚ್ಚಲಿಲ್ಲ. 1523ರಲ್ಲಿ ಬಿಷಪ್ ನಡುವನ್ನು ಒಡೆಯಲು ಹೊರಟಾಗ ಊರಿನ ನಗರಸಭೆಯೇ ತಿರುಗಿಬಿತ್ತು. ಒಡೆಯುವ ಕೆಲಸಕ್ಕೆ ಹೋದವರಿಗೆ ಮರಣದಂಡನೆ ಅಂತ ಡಂಗುರ ಹೊಡೆಸಿತು. ಅವರೆಲ್ಲ ಕ್ರೈಸ್ತರೇ. ಐದನೇ ಚಾರ್ಲ್ಸ್ ಚಕ್ರವರ್ತಿ ಬಿಷಪ್ ಪರ ನಿಂತ, ಕೆಲಸ 1607ರವರೆಗೆ ನಡೆಯಿತು. ಕೆಥೆಡ್ರಲ್‌ನ ಹೊರ ಅಂಚಿನಲ್ಲಿ ನಡೆಯುತ್ತಾ ಅದರ ಗೋಡೆ ಹಳೆ ಕಮಾನುಗಳನ್ನು ಎಲ್ಲಿ ನುಂಗಿದೆ, ಎಲ್ಲಿ ತನ್ನೊಳಗೆ ಸೇರಿಸಿಕೊಂಡಿದೆ ನೋಡಿ. ಇದು ಇವತ್ತೂ ಪೂಜೆ ನಡೆಯುವ ಚರ್ಚ್, ಮಾತು ಮೆಲ್ಲಗಿರಲಿ. ಮುಸ್ಲಿಮರಿಗೆ ಇಲ್ಲಿ ನಮಾಜ್ ಮಾಡಲು ಅನುಮತಿ ಇಲ್ಲ. ಅದು ನನಗೆ ನೋವಿನ ಸಂಗತಿ.

ಸಮಯ ಇದ್ದರೆ ಮರುದಿನ ಊರಿನಿಂದ ಸುಮಾರು 8 ಕಿ.ಮೀ. ಪಶ್ಚಿಮಕ್ಕಿರುವ ಮದೀನತ್ ಅಲ್-ಝಹ್ರಾಗೆ ಹೋಗಿ. ಮೂರನೇ ಅಬ್ದುರ್ರಹಮಾನ್ ಕಟ್ಟಿಸಿದ ಅರಮನೆಯ ಊರು ಅದು, 11ನೇ ಶತಮಾನದ ಶುರುವಿನ ಅಂತರ್ಯುದ್ಧದಲ್ಲಿ ಹಾಳಾಯಿತು. ಬೆಟ್ಟದ ಮೇಲಿನ ಅವಶೇಷಕ್ಕಿಂತ ಮೊದಲು ಕೆಳಗಿನ ಮ್ಯೂಸಿಯಂ ನೋಡಿ. ಅಲ್ಲಿನ ಬೋದಿಗೆಗಳನ್ನು ನಿಮ್ಮ ನೋಟ್‌ಬುಕ್ಕಿನ ಮೂರನೇ ಕಂಬದ ಪಕ್ಕ ಹಿಡಿದರೆ ಅಲ್-ಹಕಮ್‌ನ ಕಲ್ಲುಕುಟಿಗರು ಎಲ್ಲಿ ಕೈ ಪಳಗಿಸಿಕೊಂಡಿದ್ದರು ಅನ್ನುವುದು ತಿಳಿಯುತ್ತದೆ.